ಮುಖದ ಹಿಂದಿನ ಮೋಡ

ಹಗರಿಬೊಮ್ಮನಹಳ್ಳಿ
ಭಾನುವಾರ, ೧೨ ಅಕ್ಟೋಬರ್ ೨೦೨೫

ಚಿ. ಅಮೃತಾಳಿಗೆ,

ನಿನ್ನ ಅಪ್ಪ ಸೋಮಶೇಖರ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಬರೆಯುವುದಿಲ್ಲ. ನಿನ್ನ ಅವ್ವನಿಗೆ ಮೊಣಕಾಲು ನೋವು, ಅಜ್ಜಿಗೆ ಬಿಪಿ, ನನಗೆ ನನ್ನದೇ ಒಂದು. ಮಿಕ್ಕಂತೆ ಊಟ ತಿಂಡಿ ಚೆನ್ನಾಗಿ ನಡೆದಿದೆ.

ನಾಗರಪಂಚಮಿ ಮುಗಿದು ದಸರಾ ಮುಗಿದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು, ಕ್ಷಮಿಸು. ಹರಪನಹಳ್ಳಿ ಎಂದರೆ ಬಸ್ಸು ಹತ್ತಿ ಒಂದು ನಿದ್ದೆ ತೆಗೆದು ಏಳುವಷ್ಟು ದಾರಿ. ಅಷ್ಟು ಹತ್ತಿರದ ಬ್ಯಾಂಕಿನಲ್ಲಿ ಕೂತಿರುವ ಮಗಳಿಗೆ ಅಪ್ಪ ಕಾಗದ ಬರೆಯುತ್ತಾನೆಂದರೆ ನಿನ್ನ ಜೊತೆ ರೂಮಿನಲ್ಲಿರುವ ಹುಡುಗಿ ನಗಬಹುದು. ನಗಲಿ. ಫೋನು ಎತ್ತಿದರೆ ನಿನ್ನ ಮುಖ ಬರುತ್ತದೆ, ಕಾಗದದಲ್ಲಿ ಬರುವುದಿಲ್ಲ. ಅದಕ್ಕೇ ಕಾಗದ.

ಪಂಚಮಿಗೆ ಬಂದವಳು ಅವ್ವ ಕಟ್ಟಿಕೊಟ್ಟ ಉಂಡಿಯ ಡಬ್ಬಿಯನ್ನೂ ಬಿಟ್ಟು ಹೋದೆ. ಬಸ್ಸಿನ ಕಿಟಕಿಯಿಂದ ಕೇಳಿದೆಯಲ್ಲ, “ಅಪ್ಪಾ, ನಾ ಏನ್ ತಪ್ಪು ಮಾಡೀನಿ? ಯಾಕ ನನ್ನ ಮುಖಾನ ನೋಡವಲ್ಲಿ?” ಎಂದು. ನಾನು ಬಸ್ಸಿನ ಟೈರು ನೋಡುತ್ತ ನಿಂತಿದ್ದೆ. ಬಸ್ಸು ಹೋದ ಮೇಲೂ ಟೈರು ಇದ್ದ ಜಾಗವನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಶೇಂಗಾ ಮಾರುವಾಕೆ ಏನೋ ಕಳೆದಿದೆಯೆಂದು ತಾನೂ ಬಗ್ಗಿ ಹುಡುಕಿದಳು.

ನೀನು ಏನೂ ತಪ್ಪು ಮಾಡಿಲ್ಲ ಮಗಳೇ. ಇದನ್ನು ಮೊದಲು ಓದಿಕೋ, ಉಳಿದದ್ದನ್ನು ಆಮೇಲೆ ಓದು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಮುಖ ನೋಡಲು ನನಗೆ ಆಗುತ್ತಿಲ್ಲ, ಅದೇ ನನ್ನ ಕಾಯಿಲೆ. ಅದಕ್ಕೆ ಆಸ್ಪತ್ರೆಗೂ ಹೋಗುತ್ತಿದ್ದೇನೆ. ಗಾಬರಿಯಾಗಬೇಡ.

ನಮ್ಮ ಫ್ಲೆಕ್ಸ್ ಅಂಗಡಿಯ ಕೆಲಸ ನೀನು ಚಿಕ್ಕವಳಿದ್ದಾಗಿನಿಂದ ನೋಡಿದ್ದೀಯ. ಹುಟ್ಟುಹಬ್ಬ, ಗೃಹಪ್ರವೇಶ, ಪುಢಾರಿಗಳ ಶುಭಾಶಯ ಎಲ್ಲ ಬರುತ್ತದೆ, ಆದರೆ ನಮ್ಮ ಅನ್ನ ಬರುವುದು ಶ್ರದ್ಧಾಂಜಲಿಯಿಂದ. ಊರಲ್ಲಿ ಯಾರು ಹೋದರೂ ಹೂವಿನವನಿಗಿಂತ ಮೊದಲು ನನ್ನ ಹತ್ತಿರ ಬರುತ್ತಾರೆ. ಮಣ್ಣಿಗೆ ಬರುವ ಜನ ಇಳಿಯುವ ಹೊತ್ತಿಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿರಬೇಕು. ಯಾರದೋ ಮದುವೆಯ ಗುಂಪು ಫೋಟೋ ತರುತ್ತಾರೆ, ಅದರಿಂದ ಸತ್ತವರೊಬ್ಬರನ್ನೇ ಕತ್ತರಿಸಿ ತೆಗೆದು, ಮುಖ ಸ್ವಲ್ಪ ತೊಳೆದು, ಹಿಂದೆ ಮೋಡ ಹಾಕುತ್ತೇನೆ. ಎಲ್ಲರಿಗೂ ಅದೇ ಮೋಡ. ಅಂಗಡಿ ಶುರುಮಾಡಿದಾಗ ಕಂಪ್ಯೂಟರಿಗೆ ಹಾಕಿಕೊಂಡದ್ದು, ನೀಲಿ ಬಣ್ಣದ್ದು, ಅಂಚಿನಲ್ಲಿ ಬಿಸಿಲು ಬಿದ್ದದ್ದು. ಕೋಗಳಿಯ ದೊಡ್ಡ ಗೌಡರೂ, ಜೀವಮಾನವಿಡೀ ಅವರ ಜೊತೆ ಬದುವಿನ ಜಗಳವಾಡಿದ ಪಾಲಾಕ್ಷಪ್ಪನೂ ಅದೇ ಮೋಡದಲ್ಲಿದ್ದಾರೆ.

ಆ ಮೋಡ ಕಂಪ್ಯೂಟರಿನಿಂದ ಹೊರಗೆ ಬಂದುಬಿಟ್ಟಿತು ಅಮೃತಾ. ಸಂಕ್ರಾಂತಿ ಮುಗಿದ ವಾರ ನಿನ್ನ ಚಿಕ್ಕಪ್ಪ ಪ್ರವೀಣ ತನ್ನ ಮೊಬೈಲ್ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲೇ ಇಲ್ಲವಲ್ಲ, ಅದಾದ ಮೇಲೆ. ಮೊದಲು ಚಹಾದಂಗಡಿಯ ಮಂಜಣ್ಣನಿಗೆ ಬಂತು. ಲೋಟ ಮುಂದೆ ಹಿಡಿದು ನಗುತ್ತ ನಿಂತಿದ್ದ. ನನ್ನ ಕಣ್ಣು ತಾನಾಗಿಯೇ ಅವನ ಕಿವಿಯ ಅಂಚು ಹಿಡಿದು, ಕೂದಲು ದಾಟಿ, ಇನ್ನೊಂದು ಕಿವಿಯಿಂದ ಇಳಿಯಿತು. ಅವನ ಹಿಂದಿದ್ದ ಸ್ಟವ್, ಬಿಸ್ಕತ್ತಿನ ಡಬ್ಬಿ, ರಸ್ತೆ ಎಲ್ಲ ಮೆಲ್ಲಗೆ ಕರಗಿ ಮೋಡ ಬಂತು. ಸದ್ದೇ ಇಲ್ಲ. ಭಯವಾಗುವಂಥದ್ದೂ ಅಲ್ಲ ಅದು, ನೋಡಲು ಚೆಂದವೇ. ಮಂಜಣ್ಣ ಬಿಸಿಲಿನ ಅಂಚಿನ ಮೋಡದಲ್ಲಿ ತೇಲುತ್ತ “ಸಕ್ಕರಿ ಸಾಕೇನ್ರಿ?” ಎಂದ. ನಾನು ಚಹಾ ಕುಡಿಯದೆ ಎದ್ದು ಬಂದೆ.

ಆಮೇಲೆ ದಾರಿಯಲ್ಲಿ ಬರುವವರಿಗೆ, ಗಿರಾಕಿಗಳಿಗೆ, ಅಜ್ಜಿಗೆ, ನಿನ್ನ ಅವ್ವನಿಗೆ. ಊಟಕ್ಕೆ ಕೂತಾಗ ನನ್ನ ತೋರುಬೆರಳು ತಟ್ಟೆಯ ಪಕ್ಕದಲ್ಲಿ ಮೌಸ್ ಒತ್ತಿದ ಹಾಗೆ ಅಲುಗುತ್ತಿತ್ತು. ಮೋಡ ಎಲ್ಲರಿಗಿಂತ ಹೆಚ್ಚು ಬಂದದ್ದು ನಿನಗೆ. ವಿಡಿಯೋ ಕಾಲಿನಲ್ಲಿ ನೀನು ಬರುವುದೇ ಚೌಕಟ್ಟಿನೊಳಗೆ, ನನ್ನ ಕಣ್ಣಿಗೆ ಅರ್ಧ ಕೆಲಸ ಮುಗಿದಂತೆ. ಅದಕ್ಕೇ ಫೋನನ್ನು ಮೇಲಕ್ಕೆ ತಿರುಗಿಸಿ ಇಡುತ್ತಿದ್ದೆ. ಪಾಪ, ನೀನು ಎಷ್ಟೋ ತಿಂಗಳು ನಮ್ಮ ಮನೆಯ ಫ್ಯಾನಿನ ಜೊತೆ ಮಾತಾಡಿದೆ.

ನೀನು ಅಳುತ್ತ ಹೋದ ದಿನ ನಿನ್ನ ಅವ್ವ ನನ್ನನ್ನು ಬಿಡಲಿಲ್ಲ. “ಕೂಸು ಕಣ್ಣೀರು ಹಾಕ್ಕೊಂತ ಹೋತು. ಒಳಗ ಏನೈತಿ ಹೇಳ್ರಿ, ಇಲ್ಲಂದ್ರ ನಾನೂ ಆಕಿ ಹಿಂದ ಹೊಕ್ಕೀನಿ” ಎಂದಳು. ಹೇಳಿದೆ. ಅವಳು ಅದನ್ನು ಅಜ್ಜಿಯ ಬಿಪಿ ನೋಡಲು ಬರುವ ಆಶಾ ಕಾರ್ಯಕರ್ತೆ ಸುಕನ್ಯಾಳಿಗೆ ಹೇಳಿದಳು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮಂಗಳವಾರ ಮನಸ್ಸಿನ ಡಾಕ್ಟರೂ ಮಾತು ಕೇಳುವ ಒಬ್ಬ ಮೇಡಮ್ಮೂ ಬರುತ್ತಾರಂತೆ. ನನಗೇನು ಹುಚ್ಚು ಹಿಡಿದಿದೆಯೇ ಎಂದು ನಾನು ಹಾರಾಡಿದೆ. ಸುಕನ್ಯಾ ಬಿಪಿ ಪಟ್ಟಿ ಸುತ್ತುತ್ತ, “ಸಕ್ಕರಿ ಬ್ಯಾನಿಗೆ ಆಸ್ಪತ್ರಿಗೆ ಹೋಗೋರೆಲ್ಲಾ ಸಾಯಾಕ ಹೊಕ್ಕಾರೇನ್ರಿ ಅಣ್ಣಾ?” ಎಂದಳು. ಅವಳ ಹಿಂದೆಯೂ ಆಗ ಮೋಡ ಬಂದಿತ್ತು, ವಾದ ಮಾಡುವ ಧೈರ್ಯ ಬರಲಿಲ್ಲ.

ಅಜ್ಜಿ ಒಪ್ಪಿದಳು, ಆದರೆ ತನ್ನ ಕ್ರಮದಲ್ಲಿ. ಅವಳ ಲೆಕ್ಕದಲ್ಲಿ ಇದೂ ದೇವರು ಮೈಮೇಲೆ ಬಂದವರ ಹತ್ತಿರ ಹೇಳಿಕೆ ಕೇಳಲು ಹೋಗುವುದೇ. ಹೇಳಿಕೆಯ ಜಾಗದಲ್ಲಿ ನಾವು ಕಾಯಿ, ನಿಂಬೆಹಣ್ಣು ಮುಂದಿಟ್ಟು ಬಾಯಿ ಮುಚ್ಚಿಕೊಂಡು ಕೂಡಬೇಕಲ್ಲ, ಏನಾಗಿದೆ ಎಂದು ಹೇಳಬೇಕಾದವರು ಅವರು. “ನೀ ಒಂದ್ ಮಾತೂ ಬಿಡಬ್ಯಾಡ. ನೀನಾ ಹೇಳಿದ ಮ್ಯಾಲೆ ಆಕಿ ಹೇಳೋದು ಏನ್ ಉಳೀತು? ಖರೇವಾಕಿ ಆಗಿದ್ರ ತಾನಾ ಹೇಳ್ತಾಳ” ಎಂದು ಕಾಯಿ ನಿಂಬೆಹಣ್ಣು ಚೀಲಕ್ಕೆ ಹಾಕಿಕೊಟ್ಟಳು. ನಿನಗೆ ನಗು ಬರಬಹುದು. ನನಗೆ ಆಗ ಅದು ಸರಿಯಾಗಿಯೇ ಕಂಡಿತು.

ಮೇಡಮ್ ಎಂದರೆ ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು, ಕೋಮಲಾ ಎಂದು, ಹಡಗಲಿಯ ಕಡೆಯವಳು. ಮಕ್ಕಳಿಗೆ ಸೂಜಿ ಹಾಕುವ ಕೋಣೆಯ ಪಕ್ಕದ ಕೋಣೆ, ಕಿಟಕಿಯಾಚೆ ಬೇವಿನ ಮರ. “ಹೇಳ್ರಿ ಸರ್” ಎಂದಳು. ನಾನು ಅವಳ ಮೇಜಿನ ಮೇಲೆ ಕಾಯಿ ಇಟ್ಟೆ, ನಿಂಬೆಹಣ್ಣು ಇಟ್ಟೆ, ಕೂತೆ. ಅವಳು ಕಾಯಿ ನೋಡಿದಳು, ನನ್ನನ್ನು ನೋಡಿದಳು, ಕಾದಳು. ನಾನೂ ಕಾದೆ. ಪಕ್ಕದ ಕೋಣೆಯಲ್ಲಿ ಕೂಸೊಂದು ಚೀರಿ ಸುಮ್ಮನಾಯಿತು. ಬೇವಿನ ನೆರಳು ನೆಲದ ಮೇಲಿಂದ ಅವಳ ಚಪ್ಪಲಿಯ ತನಕ ಬಂತು. ನಿಂಬೆಹಣ್ಣು ಫ್ಯಾನಿನ ಗಾಳಿಗೆ ಸ್ವಲ್ಪ ಉರುಳಿ ನಿಂತಿತು. ದೂರದಲ್ಲಿ ಕೊಟ್ಟೂರಿನ ಕಡೆಯ ರೈಲು ಕೂಗಿತು, ಅದು ನಿದ್ದೆಯೊಳಗೆ ಕೇಳಿದ ಹಾಗೆ ಕೇಳಿತು. ಬಹಳ ಹೊತ್ತಾದ ಮೇಲೆ ಅವಳು, “ಮುಂದಿನ ಮಂಗಳವಾರ ಬರ್ರಿ ಸರ್. ಕಾಯಿ ತಗೊಂಡ್ ಹೋಗ್ರಿ, ಚಟ್ನಿ ಮಾಡಸ್ರಿ” ಎಂದಳು.

ಹೊರಗೆ ಬೆಂಚಿನ ಮೇಲೆ ಕಾದಿದ್ದ ಅಜ್ಜಿ, “ಏನ್ ಹೇಳಿದ್ಲು?” ಎಂದಳು. ಏನೂ ಇಲ್ಲ ಎಂದೆ. “ನೀ ಏನ್ ಹೇಳಿದಿ?” ಏನೂ ಇಲ್ಲ ಎಂದೆ. “ಚಲೋ ಮಾಡಿದಿ” ಎಂದು ಬೆನ್ನು ಸವರಿದಳು. ಕೋಮಲಾ ಮೊನ್ನೆ ಹೇಳಿದಳು, ಅಂದು ಅವಳು ಮನೆಗೆ ಹೋಗಿ ಅತ್ತಿದ್ದಳಂತೆ, ಈ ಕೆಲಸ ತನ್ನ ಕೈಲಿ ಆಗುವುದಲ್ಲ ಎಂದು.

ಮುಂದಿನ ವಾರ ಅಜ್ಜಿ ತಾನೇ ಪರೀಕ್ಷೆ ಮಾಡುತ್ತೇನೆಂದು ಒಳಗೆ ಬಂದಳು. ಸೆರಗು ಹೊದ್ದು ಕುರ್ಚಿಯಲ್ಲಿ ಕೂತು ತುಟಿ ಬಿಗಿದುಕೊಂಡಳು. ಕೋಮಲಾ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ, “ಅಜ್ಜೀ, ನೀವು ಹೆಂಗದೀರಿ? ನಿದ್ದಿ ಬರ್ತೈತೇನು?” ಎಂದು ಕೇಳಿದಳು. ಅಜ್ಜಿ ಅವಳನ್ನೇ ದಿಟ್ಟಿಸಿ ನೋಡಿದಳು. ಪ್ರವೀಣ ಹೋದ ಮೇಲೆ ಮನೆಗೆ ಬಂದವರೆಲ್ಲ ಅವಳಿಗೆ ಸಮಾಧಾನ ಹೇಳಿದ್ದರು, ಯಾರೂ ಏನನ್ನೂ ಕೇಳಿರಲಿಲ್ಲ. “ನಂದೇನೈತಿ ಬಿಡವ್ವಾ, ಸಣ್ಣಾವ ಹೋಗ್ಯಾನ, ನಾ ಕುಂತೀನಿ” ಎಂದಳು. ಇನ್ನೂ ಏನೋ ಹೇಳುವವಳಿದ್ದಳು. ಹೇಳುತ್ತ ಹೇಳುತ್ತ ಕುರ್ಚಿಯಲ್ಲೇ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದು, ಕೂಸಿನ ಹಾಗೆ. ಈ ವರ್ಷವಿಡೀ ಅವಳು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ.

ಕೋಮಲಾ ತುಟಿಯ ಮೇಲೆ ಬೆರಳಿಟ್ಟು, “ಎಬ್ಬಿಸಬ್ಯಾಡ್ರಿ” ಎಂದಳು. ಆಮೇಲೆ ಮೇಜಿನ ಮೇಲೆ ಬಾಗಿ ಪಿಸುದನಿಯಲ್ಲಿ, “ನಿಮ್ದೇನ್ರಿ ಸರ್?” ಎಂದಳು. ಗಟ್ಟಿಯಾಗಿ ಕೇಳಿದ್ದರೆ ನಾನೂ ಗಟ್ಟಿಯಾಗಿ ಏನಿಲ್ಲ ಎಂದುಬಿಡುತ್ತಿದ್ದೆ. ಪಿಸುದನಿಯಲ್ಲಿ ಸುಳ್ಳು ಬರಲಿಲ್ಲ ನೋಡು. “ಮೇಡಮ್, ನಿಮ್ಮ ಹಿಂದನೂ ಮೋಡ ಬಂದೈತ್ರಿ” ಎಂದೆ. ಅವಳು ತಿರುಗಿ ನೋಡಿದಳು. ಅಲ್ಲಿ ಗೋಡೆ ಇತ್ತಂತೆ, ಎದೆಹಾಲಿನ ಪೋಸ್ಟರ್ ಇತ್ತಂತೆ. “ಎಂಥಾ ಮೋಡ ಐತಿ, ಹೇಳ್ರಿ” ಎಂದಳು. ಬಣ್ಣ ಹೇಳಿದೆ, ಅಂಚಿನ ಬಿಸಿಲು ಹೇಳಿದೆ, ಅದರಲ್ಲಿ ಯಾರು ಯಾರು ಇದ್ದಾರೆ ಎಂದು ಹೇಳಿದೆ. ಅಜ್ಜಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ನಾವಿಬ್ಬರೂ ಕಳ್ಳರ ಹಾಗೆ ಮಾತಾಡುತ್ತಿದ್ದೆವು. ನನ್ನ ಮಗಳನ್ನು ನೋಡಲಾಗುತ್ತಿಲ್ಲ ಎಂದೆ, ಅವಳು ನೀರಿನ ಬಾಟಲಿ ಮುಂದೆ ಸರಿಸಿದಳು.

ಅಜ್ಜಿ ಎದ್ದವಳು ಸುತ್ತ ನೋಡಿ, “ಹೇಳಿದ್ಲೇನು?” ಎಂದಳು. “ನಾನಾ ಹೇಳಿದ್ನೆವ್ವಾ” ಎಂದೆ. ಅವಳಿಗೆ ಬೇಸರವಾಯಿತು. ಆದರೂ ಈಗ ಪ್ರತಿ ಮಂಗಳವಾರ ನನಗಿಂತ ಮೊದಲು ಅವಳೇ ಸೀರೆ ಉಟ್ಟು ತಯಾರಾಗುತ್ತಾಳೆ. “ಆ ಹುಡಿಗಿಗೆ ಹೇಳಿಕಿ ಬರಂಗಿಲ್ಲ. ಕುರ್ಚಿ ಮಾತ್ರ ಚಲೋ ಅದಾವ” ಎನ್ನುತ್ತಾಳೆ.

ಕೋಮಲಾ ನನ್ನ ಕೆಲಸವನ್ನು ಕೂಲಂಕಷವಾಗಿ ಕೇಳಿ ತಿಳಿದುಕೊಂಡಳು. ಮುಖ ಹೇಗೆ ಕತ್ತರಿಸುತ್ತೀರಿ, ಮೊದಲು ಯಾವುದು ಅಳಿಸುತ್ತೀರಿ ಎಂದೆಲ್ಲ. ಹಿಂದಿರುವುದನ್ನು ಅಳಿಸುತ್ತೇನೆ ಎಂದೆ. “ಹಂಗಾದ್ರ ಈ ವಾರ ಅಳಿಸಬ್ಯಾಡ್ರಿ. ಮೋಡ ಬಂದ್ರ ಬರ್ಲಿ, ಅದರ ಜೋಡಿ ಜಗಳ ಬ್ಯಾಡ. ಅದಕ್ಕೂ ಮೊದಲು ಅಲ್ಲಿ ಏನಿತ್ತು, ಅದನ್ನ ಬಾಯಿಬಿಟ್ಟು ಹೇಳ್ರಿ” ಎಂದಳು. ಡಾಕ್ಟರು ಒಂದು ಸಣ್ಣ ಗುಳಿಗೆಯನ್ನೂ ಬರೆದುಕೊಟ್ಟರು, ಊಟವಾದ ಮೇಲೆ ತಗೊಳ್ಳುತ್ತೇನೆ.

ಮೊದಲ ಪ್ರಯೋಗ ನಿನ್ನ ಅವ್ವನ ಮೇಲೆ. ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು, ನಾನು ಎದುರು ಕೂತು ನೋಡತೊಡಗಿದೆ. “ಏನ್ರಿ ಇದು, ಲಗ್ನದಾಗೂ ಹಿಂಗ ನೋಡಿದ್ದಿಲ್ಲ” ಎಂದು ಕೆಂಪಾದಳು. ನಾನು ಮೋಡಕ್ಕಿಂತ ಮೊದಲೇ ಹೇಳಬೇಕೆಂದು ಗಡಿಬಿಡಿಯಲ್ಲಿ, “ನಿನ್ನ ಹಿಂದ ಮಿಕ್ಸರ್ ಐತಿ, ಒದ್ದಿ ಟವೆಲ್ ಐತಿ, ಹಲ್ಲಿ ಐತಿ” ಎಂದೆ. ಹಲ್ಲಿ ಎಂದ ಕೂಡಲೇ ಅವಳು ಕಾಳೆಲ್ಲ ಚೆಲ್ಲಿ ಎದ್ದು ಓಡಿದಳು. ಇಬ್ಬರೂ ಕಾಳು ಆರಿಸಿದೆವು. ಆರಿಸುವಾಗ ಅವಳ ಮುಖ ಹತ್ತಿರವೇ ಇತ್ತು, ಮೋಡ ಬರಲಿಲ್ಲ. ಅದು ಬಂದಿಲ್ಲವೆಂದು ನನಗೆ ಹೊಳೆದದ್ದೇ ಆಮೇಲೆ.

ದಸರಾ ಕೆಲಸ ಮುಗಿದ ಮೇಲೆ ಒಂದು ಸಂಜೆ ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹಂಪಸಾಗರಕ್ಕೆ ಹೋಗಿದ್ದೆ. ಹೊಳೆಯ ಹಿನ್ನೀರು ಈಗ ತುಂಬಿ ನಿಂತಿದೆ. ಗಾಳಿ ಇರಲಿಲ್ಲ, ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಇಡೀ ಹೊಳೆ ನನ್ನ ಕಂಪ್ಯೂಟರಿನ ಮೋಡವೇ ಆಗಿತ್ತು ಅಮೃತಾ, ಅದೇ ನೀಲಿ, ಅದೇ ಬಿಸಿಲಿನ ಅಂಚು. ಅದರ ನಡುವೆ ಒಬ್ಬ ಮನುಷ್ಯ ನಿಂತಿದ್ದ, ಕಾಲ ಕೆಳಗೂ ಮೋಡ, ತಲೆಯ ಮೇಲೂ ಮೋಡ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡೆ. ನಿನ್ನ ಅವ್ವ ಕೈ ಹಿಡಿದುಕೊಂಡು, “ತೆಪ್ಪ ಐತ್ರಿ ಅದು. ಮೀನಿನಾವ” ಎಂದಳು. ಆ ಮನುಷ್ಯ ಮೋಡದೊಳಗಿಂದಲೇ ಕೂಗಿದ, “ಅಣ್ಣಾ, ಬೀಡಿ ಐತೇನ್ರೀ?”

ನನ್ನ ಹತ್ತಿರ ಬೀಡಿ ಇರಲಿಲ್ಲ. ಇಲ್ಲಪ್ಪಾ ಎಂದು ನಾನೂ ಕೂಗಿ ಹೇಳಿದೆ. ಅವನು ಹೋಗಲಿ ಬಿಡ್ರಿ ಎಂಬಂತೆ ಕೈ ಬೀಸಿ ತೆಪ್ಪ ತಿರುಗಿಸಿಕೊಂಡು ಬಲೆಯ ಕಡೆ ಹೋದ. ನಾವು ಹೊತ್ತು ಮುಳುಗುವ ತನಕ ಅವನನ್ನೇ ನೋಡುತ್ತ ಕೂತಿದ್ದೆವು. ನನಗೆ ಬಹಳ ಸಮಾಧಾನವಾಯಿತು, ಯಾಕೆಂದು ಬಿಡಿಸಿ ಹೇಳಲು ಬರುವುದಿಲ್ಲ.

ಮೋಡ ಪೂರ್ತಿ ಹೋಗಿಲ್ಲ. ಬರುತ್ತದೆ, ಇರುತ್ತದೆ, ಹೋಗುತ್ತದೆ. ಮಂಜಣ್ಣನ ಚಹಾ ಮತ್ತೆ ಕುಡಿಯುತ್ತಿದ್ದೇನೆ. ಶ್ರದ್ಧಾಂಜಲಿಯ ಕೆಲಸವನ್ನು ಸದ್ಯಕ್ಕೆ ಕೂಡ್ಲಿಗಿ ರಸ್ತೆಯ ಹೊನ್ನೂರಸ್ವಾಮಿಯ ಅಂಗಡಿಗೆ ಕಳಿಸುತ್ತಿದ್ದೇನೆ, ಅವನ ಮೋಡ ಬೇರೆ, ನಸುಗೆಂಪು. ಎಲ್ಲರ ಮುಖ ನೋಡಲು ಬರುತ್ತಿದೆ, ನಿನ್ನದೊಂದನ್ನು ಬಿಟ್ಟು. ಕೋಮಲಾಳ ಕೋಣೆಯಲ್ಲಿ ಕೂತು ನಿನ್ನ ಫೋಟೋ ತೆರೆದು ನೋಡಿದೆ, ಆಗಲಿಲ್ಲ. “ಮಗಳ ಮುಖಾನ ಯಾಕ ಸರ್?” ಎಂದು ಕೋಮಲಾ ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ಒತ್ತಾಯ ಮಾಡಲಿಲ್ಲ. “ನನಗ ಹೇಳಬೇಕಂತಿಲ್ರಿ. ಗೊತ್ತಾದಾಗ ಆಕಿಗೇ ಹೇಳ್ರಿ” ಎಂದಳು.

ದೀಪಾವಳಿಗೆ ಬಾ. ನಾನು ಮತ್ತೆ ನೆಲ ನೋಡಿದರೆ ಅಳುತ್ತ ಹೋಗಬೇಡ, ಬೈದು ಇಲ್ಲೇ ಇರು. ನಿನ್ನ ಅವ್ವ ನಿನಗೆ ಹಸಿರು ಸೀರೆ ತೆಗೆದಿಟ್ಟಿದ್ದಾಳೆ, ಅದು ನಾನು ಹೇಳಿದ್ದೆಂದು ಗೊತ್ತಾಗಬಾರದು. ಹೊತ್ತಿಗೆ ಸರಿಯಾಗಿ ಉಣ್ಣು, ಬ್ಯಾಂಕಿನಲ್ಲಿ ಎಲ್ಲರ ಕೆಲಸ ನೀನೊಬ್ಬಳೇ ಹೊತ್ತುಕೊಳ್ಳಬೇಡ. ನೀನು ನೂರು ಕಾಲ ಬಾಳು ಮಗಳೇ. ಇದನ್ನು ಎಲ್ಲ ಅಪ್ಪಂದಿರೂ ಬರೆಯುತ್ತಾರೆ, ನಾನು ಬರೆದು ಎರಡು ಸಲ ಓದಿ ನೋಡಿದೆ.

ನಿನ್ನನ್ನು ನೋಡಲು ಹಂಬಲಿಸುವ
ಅಪ್ಪ
ಸೋಮಶೇಖರ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ನಿನ್ನ ಮುಖವೇ ಯಾಕೆ ಎಂದು ನನಗೆ ಗೊತ್ತು. ಪ್ರವೀಣ ಹೋದ ದಿನ ಎಲ್ಲರೂ ಮನೆಯಲ್ಲಿ ಅಳುತ್ತಿದ್ದಾಗ ಅವನ ಗೆಳೆಯರು ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು. “ನಿಮಗಿಂತ ಚಲೋ ಯಾರ್ ಮಾಡ್ತಾರಣ್ಣಾ” ಎಂದರು. ಅವನು ನಗುತ್ತಿದ್ದ ಫೋಟೋ ಇದ್ದದ್ದು ಒಂದೇ, ನಿನಗೆ ಬ್ಯಾಂಕಿನ ಕೆಲಸ ಸಿಕ್ಕಿದ ದಿನದ್ದು. ಅದರಲ್ಲಿ ನೀನು ಅವನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದೆ. ನನ್ನ ಕೈ ರೂಢಿಯಂತೆ ಕೆಲಸ ಮಾಡಿತು. ನಿನ್ನ ಕೂದಲು ಹಿಡಿದು, ಹಣೆ, ಕಣ್ಣು, ನಗು, ಎಲ್ಲ ಅಳಿಸಿದೆ. ನಿನ್ನ ಮುಖವಿದ್ದ ಜಾಗದಲ್ಲಿ ಮೋಡ ಬಂದು ತುಂಬಿಕೊಂಡಿತು. ಕೈಯೊಂದು ಉಳಿಯಿತು. ಅದನ್ನು ಅಳಿಸಿದರೆ ಅವನ ಹೆಗಲೂ ಹೋಗುತ್ತಿತ್ತು, ಹಾಗೇ ಬಿಟ್ಟೆ. ಸರ್ಕಲ್ಲಿನಲ್ಲಿ ಅವನ ಫ್ಲೆಕ್ಸ್ ಕಟ್ಟಿದಾಗ ಮೋಡದೊಳಗಿಂದ ನಿನ್ನ ಬೆರಳುಗಳು ಬಂದು ಅವನ ಹೆಗಲು ಹಿಡಿದಿದ್ದವು. ಯಾರೂ ನೋಡಲಿಲ್ಲ. ಹರಪನಹಳ್ಳಿಯ ಬಸ್ಸಿನಿಂದ ಇಳಿದು ಓಡಿ ಬಂದ ನೀನೂ ನೋಡಲಿಲ್ಲ. ಅವನನ್ನು ಮಣ್ಣಿಗೆ ಎತ್ತುವಾಗ ನಾನು ಮನೆಯಲ್ಲಿರಲಿಲ್ಲ, ಆ ಫ್ಲೆಕ್ಸಿನ ಕೆಳಗೇ ನಿಂತು ನಿನ್ನ ಕೈ ನೋಡುತ್ತಿದ್ದೆ. ನನ್ನ ತಮ್ಮನಿಗಾಗಿ ನಾನು ಇನ್ನೂ ಅತ್ತಿಲ್ಲ ಅಮೃತಾ. ದೀಪಾವಳಿಗೆ ಬಂದಾಗ ಮುಖದ ಮಾತು ಆಮೇಲೆ. ಬಂದ ಕೂಡಲೇ ಏನೂ ಕೇಳದೆ ನನ್ನ ಹಿಂದೆ ನಿಂತು ಆ ಕೈಯನ್ನು ನನ್ನ ಹೆಗಲ ಮೇಲೆ ಇಡು.